ತಲೆಯ ಮೇಲಿನ ಜಮಾಖರ್ಚು

ಬೋಳುತಲೆಯ ವಿಷಯ ಎತ್ತಿದರೆ ಯಾರಿಗಾದರೂ ನಗು ಬರುತ್ತದೆ. ನಾನೂ ನಗುತ್ತಿದ್ದವನೇ. ಹಾಸ್ಯಗಾರನ ಟೋಪನ್ ಕಳಚಿ ಬಿದ್ದರೆ ಸಭೆಯೆಲ್ಲ ಗೊಳ್ಳೆಂದು ನಗುವುದು ಕಂಪೆನಿ ನಾಟಕಗಳ ಕಾಲದಿಂದ ನಡೆದು ಬಂದದ್ದು. ಆದರೆ ಓದುಗರು ನಗುವುದಕ್ಕೆ ಮುಂಚೆ ಒಂದು ಲೆಕ್ಕವನ್ನು ಅವರ ಮುಂದಿಡಬೇಕೆಂದಿದ್ದೇನೆ. ಮೂವತ್ತು ವರ್ಷ ನಾಗಪುರದಲ್ಲಿ ಲೆಕ್ಕಪತ್ರದ ನೌಕರಿ ಮಾಡಿ ನಿವೃತ್ತನಾದ ನನಗೆ ಯಾವ ವಿಷಯವಾದರೂ ಅಂಕಿಗಳಲ್ಲಿ ಬಂದಾಗಲೇ ಸರಿಯಾಗಿ ಅರ್ಥವಾಗುವುದು. ಅಭ್ಯಾಸಬಲ, ಏನು ಮಾಡುವುದು!

ಬಜಾಜ್ ನಗರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ನನ್ನ ತಂಗಿಯ ಮಗ ಕೆಲವು ವರ್ಷಗಳಿಂದ ಇದ್ದಾನೆ. ಗದಗಿನ ಹುಡುಗ. ಮಿಹಾನ್‌ನ ಒಂದು ಕಂಪೆನಿಯಲ್ಲಿ ಕೆಲಸ. ಬಂದಾಗ ಅವನಿಗೆ ಇಪ್ಪತ್ತೈದು ವರ್ಷ, ತಲೆತುಂಬ ಕೂದಲು. ಇಪ್ಪತ್ತೆಂಟು ಆಗುವಷ್ಟರಲ್ಲಿ ಹಣೆ ನಡುನೆತ್ತಿಯವರೆಗೆ ಏರಿತ್ತು. ಅವನ ತಾಯಿ ಫೋನಿನಲ್ಲಿ ನಾಗಪುರದ ನೀರನ್ನು ಬೈದಳು. ಡಾಕ್ಟರು ಮಾತ್ರ ನೀರಿನದೇನೂ ತಪ್ಪಿಲ್ಲ, ಇದು ವಂಶದಿಂದ ಬಂದದ್ದು, ಗಂಡಸಿನ ದೇಹದ ಒಂದು ಹಾರ್ಮೋನು ಕೂದಲಿನ ಬೇರುಗಳನ್ನು ಕ್ರಮೇಣ ಸಣ್ಣದು ಮಾಡುತ್ತ ಹೋಗುತ್ತದೆ ಎಂದು ವಿವರಿಸಿದರು. ಹಚ್ಚಿಕೊಳ್ಳಲು ಮಿನಾಕ್ಸಿಡಿಲ್ ಎಂಬ ದ್ರವ ಬರೆದುಕೊಟ್ಟರು. ಇದು ಮೂಲದಲ್ಲಿ ರಕ್ತದೊತ್ತಡದ ಔಷಧಿಯಂತೆ. ಗುಳಿಗೆ ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು ಅದನ್ನು ತಲೆಗೆ ಹಚ್ಚುವ ಮದ್ದನ್ನಾಗಿ ಮಾಡಿದರು. ಹಚ್ಚುವುದನ್ನು ಬಿಟ್ಟರೆ ಬಂದ ಲಾಭವೂ ಹೋಗುತ್ತದೆ. ಹುಡುಗ ಒಂದು ವರ್ಷ ಹಚ್ಚಿದ. ನೆಲ ಹಿಡಿದ ಬೆಳೆ ಅಷ್ಟಕ್ಕಷ್ಟೆ. ಆಮೇಲೆ ಒಂದು ದೀಪಾವಳಿಯ ಹಿಂದಿನ ವಾರ, ಸಂಜೆ ಮನೆಗೆ ಬಂದವನ ತಲೆಯಲ್ಲಿ ದಟ್ಟವಾದ ಕೂದಲಿತ್ತು.

ಹೇರ್ ಪ್ಯಾಚ್ ಎನ್ನುತ್ತಾರೆ ಅದಕ್ಕೆ. ತೆಳುವಾದ ಬಲೆಯ ಮೇಲೆ ನಿಜವಾದ ಮನುಷ್ಯರ ಕೂದಲನ್ನು ಎಳೆ ಎಳೆಯಾಗಿ ಗಂಟುಹಾಕಿ, ಎರಡೂ ಮೈಗೆ ಅಂಟಿರುವ ಟೇಪಿನಿಂದ ಬೋಳಾದ ಜಾಗದ ಮೇಲೆ ಕೂಡಿಸುವುದು. ಹಳೆಯ ಕಾಲದ ಟೋಪನ್ನಿನಂತೆ ಟೊಪ್ಪಿಗೆ ಇಟ್ಟ ಹಾಗೆ ಕಾಣುವುದಿಲ್ಲ. ಮೊದಲನೆಯ ಸಲ ನನ್ನ ಹತ್ತಿರ ಕೈಗಡ ತೆಗೆದುಕೊಂಡಿದ್ದರಿಂದ ಅದರ ಖರ್ಚು ನನ್ನ ಪುಸ್ತಕಕ್ಕೆ ಬಂತು. ಒಂದು ವರ್ಷದ ಲೆಕ್ಕ ಹೀಗಿದೆ. ಪ್ಯಾಚಿಗೆ ೧೮,೦೦೦ ರೂಪಾಯಿ. ಕೂಡಿಸಿ, ಅವನ ಸ್ವಂತ ಕೂದಲಿಗೆ ಹೊಂದುವಂತೆ ಕತ್ತರಿಸಿದ್ದಕ್ಕೆ ೧,೫೦೦. ಪ್ರತಿ ತಿಂಗಳೂ ಅದನ್ನು ಬಿಚ್ಚಿ, ತೊಳೆದು, ಮತ್ತೆ ಅಂಟಿಸುವುದಕ್ಕೆ ೧,೨೦೦. ಟೇಪು, ಅಂಟು ಬಿಡಿಸುವ ದ್ರವ ತಿಂಗಳಿಗೆ ೬೦೦. ಬೇರೆಯೇ ಶಾಂಪೂ, ಬೇರೆಯೇ ಎಣ್ಣೆ ೪೦೦. ಇಷ್ಟಕ್ಕೇ ಮುಗಿಯಲಿಲ್ಲ. ಬೇರಿಲ್ಲದ ಕೂದಲಲ್ಲವೇ, ಉದುರಿದ ಎಳೆಯ ಜಾಗದಲ್ಲಿ ಹೊಸದು ಹುಟ್ಟುವುದಿಲ್ಲ. ನಮ್ಮೂರಿನ ಮೇ ತಿಂಗಳೆಂದರೆ ಓದುಗರಿಗೆ ಗೊತ್ತೇ ಇದೆ, ೪೫ ಡಿಗ್ರಿ ದಾಟುವುದು ಅಪರೂಪವಲ್ಲ. ಬೆವರಿಗೆ ಅಂಟು ಬಿಡುತ್ತಿತ್ತು, ಬಿಸಿಲಿಗೆ ಬಣ್ಣ ಕೆಂಪಗಾಯಿತು. ಎಂಟನೆಯ ತಿಂಗಳಿಗೆ ಎರಡನೆಯ ಪ್ಯಾಚು. ಮತ್ತೆ ೧೮,೦೦೦, ಮತ್ತೆ ೧,೫೦೦. ವರ್ಷದ ಒಟ್ಟು ಮೊತ್ತ ೬೫,೪೦೦ ರೂಪಾಯಿ, ಅಂದರೆ ತಿಂಗಳಿಗೆ ೫,೪೫೦. ಕೊಂಡುಕೊಂಡ ವಸ್ತು ಎನ್ನುವುದಕ್ಕಿಂತ ಬಾಡಿಗೆಗೆ ಹಿಡಿದ ಮನೆ ಎಂದರೆ ಸರಿಹೋದೀತು.

ಇಷ್ಟು ದುಡ್ಡು ಸುರಿಯುವುದು ತಪ್ಪೇ? ಹಾಗೆನ್ನಲು ನನಗೆ ಬಾಯಿಲ್ಲ. ದುಡಿಯುವವನು ಅವನು. ಸಿಗರೇಟಿಗೆ, ಕುಡಿತಕ್ಕೆ ಇದಕ್ಕಿಂತ ಹೆಚ್ಚು ಸುಡುವವರನ್ನು ಕಂಡಿದ್ದೇವೆ. ಕೂದಲೆಂದರೆ ಏನು ಮಹಾ ಎಂದು ಹೇಳುವ ಹಿರಿಯರಿದ್ದಾರೆ. ಅದು ಅಷ್ಟು ಅಲ್ಪವಾದ ವಸ್ತುವಾಗಿದ್ದರೆ ನಮ್ಮ ಮುತ್ತಜ್ಜಿಯರ ಕಾಲದಲ್ಲಿ ವಿಧವೆಯರ ತಲೆ ಬೋಳಿಸುವ ಕ್ರೂರ ಪದ್ಧತಿ ಏಕಿತ್ತು? ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಓದಿದವರಿಗೆ, ೧೯೮೩ರಲ್ಲಿ ಪ್ರೇಮಾ ಕಾರಂತರು ಅದನ್ನು ಚಿತ್ರ ಮಾಡಿದಾಗ ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯನ ಮಾನವನ್ನು ಸಮಾಜ ತಲೆಗೂದಲಿಗೆ ಕಟ್ಟಿಹಾಕಿದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಕಳೆದುಕೊಂಡ ಹೆಣ್ಣುಮಗಳು ವಿಗ್ ಧರಿಸಿ ಹೊರಗೆ ಬಂದರೆ ಅವಳ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ತರುಣನೊಬ್ಬನ ಸಂಕಟ ಅಷ್ಟು ದೊಡ್ಡದಲ್ಲದಿರಬಹುದು. ಆದರೂ ಅದು ಸಂಕಟವೇ.

ಆದ್ದರಿಂದ ನನ್ನ ಪ್ರಶ್ನೆ ೬೫,೪೦೦ರ ಬಗ್ಗೆ ಅಲ್ಲ. ಈ ಲೆಕ್ಕದ ಪುಸ್ತಕದಲ್ಲಿ ಬಾರದೆ ಉಳಿದ ಖರ್ಚುಗಳ ಬಗ್ಗೆ.

ಮೊದಲನೆಯದು, ಆ ಕೂದಲು ಯಾರದು ಎಂಬುದು. ನಮ್ಮ ಮನೆದೇವರು ತಿರುಪತಿ ವೆಂಕಟರಮಣ; ಇದೇ ಹುಡುಗನ ಚೌಲವನ್ನು ಬೆಟ್ಟದ ಮೇಲೆ ಮಾಡಿಸಿದ್ದು. ಅಲ್ಲಿ ಭಕ್ತರು ಅಹಂಕಾರ ಕಳೆಯಲೆಂದು ಕೊಟ್ಟ ಮುಡಿಯನ್ನು ದೇವಸ್ಥಾನದವರು ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹರಾಜು ಹಾಕುತ್ತಾರೆ. ಇನ್ನು, ಬಾಚಿದಾಗ ಉದುರಿದ ಕೂದಲು. ಅದನ್ನು ಸುತ್ತಿ ಗೋಡೆಯ ಸಂದಿಯಲ್ಲಿಟ್ಟು, ಬೀದಿಯಲ್ಲಿ ಕೂಗುತ್ತ ಬರುವವನಿಗೆ ಕೊಟ್ಟು, ಪಿನ್ನನ್ನೋ ಸ್ಟೀಲಿನ ಬಟ್ಟಲನ್ನೋ ತೆಗೆದುಕೊಳ್ಳುವ ತಾಯಂದಿರನ್ನು ನಾವೆಲ್ಲ ನೋಡಿದ್ದೇವೆ. ಆ ಉಂಡೆಗಳೆಲ್ಲ ಎಲ್ಲಿಗೆ ಹೋಗುತ್ತವೆಂದು ನನಗೆ ಬಹುಕಾಲ ತಿಳಿದಿರಲಿಲ್ಲ. ಗದಗಿನಿಂದ ರೈಲಿನಲ್ಲಿ ಹೊರಟರೆ ಕೊಪ್ಪಳ ದೂರವಲ್ಲ. ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರ ಈ ಕೂದಲಿನ ಕೆಲಸಕ್ಕೇ ಹೆಸರಾದ ಊರು. ಅಲ್ಲಿ ಹೆಂಗಸರು ನೆಲದ ಮೇಲೆ ಕುಳಿತು ಸಿಕ್ಕುಗಟ್ಟಿದ ಉಂಡೆಗಳನ್ನು ಬಿಡಿಸುತ್ತಾರೆ, ತೊಳೆಯುತ್ತಾರೆ, ಮೊಳೆಗಳ ಹಣಿಗೆಯಲ್ಲಿ ಎಳೆದು ಉದ್ದ ಗಿಡ್ಡ ಬೇರ್ಪಡಿಸಿ ಕಟ್ಟು ಕಟ್ಟುತ್ತಾರೆ. ಅಲ್ಲಿಂದ ಅದು ದೇಶವಿದೇಶಕ್ಕೆ ಹೋಗುತ್ತದೆ. ೨೦೨೨ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಕೂದಲಿನ ರಫ್ತಿಗೆ ನಿರ್ಬಂಧ ಹಾಕಬೇಕಾಯಿತೆಂದರೆ ಈ ವ್ಯಾಪಾರದ ಗಾತ್ರವನ್ನು ಊಹಿಸಿಕೊಳ್ಳಬಹುದು. ಪಿನ್ನಿಗೆ ಕೊಟ್ಟದ್ದು ಹದಿನೆಂಟು ಸಾವಿರಕ್ಕೆ ತಿರುಗಿ ಬರುವ ದಾರಿಯಲ್ಲಿ, ಕಣ್ಣು ಸೋಲುವವರೆಗೆ ಸಿಕ್ಕು ಬಿಡಿಸಿದ ಹೆಂಗಸಿಗೆ ದಕ್ಕುವುದು ದಿನಗೂಲಿ. ನಮ್ಮ ಸೊಬಗಿನ ಬೆಲೆಯಲ್ಲಿ ಮೊದಲ ಪಾಲನ್ನು ತೆತ್ತವಳು ಅವಳು. ಪ್ಯಾಚು ಬೇಡವೆನ್ನುವುದಕ್ಕೆ ಇದು ಕಾರಣವಾಗಲಾರದು. ಅವಳ ಒಲೆಯೂ ಅದರಿಂದಲೇ ಉರಿಯುತ್ತದೆ. ಆದರೆ ಧರಿಸಿದವನಿಗೆ ಅವಳ ನೆನಪಾದರೂ ಇರಬೇಕು.

ಎರಡನೆಯ ಖರ್ಚು ಹೆದರಿಕೆಯದು. ಹುಡುಗ ಮೋಟಾರ್ ಸೈಕಲ್ ಬಿಟ್ಟ; ಹೆಲ್ಮೆಟ್ ತೆಗೆಯುವಾಗ ಅಂಚು ಏಳುತ್ತದೆಂದು ಭಯ. ಕೂಲರಿನ ಗಾಳಿಗೆ ಎದುರಾಗಿ ಕೂಡುವುದನ್ನು ಬಿಟ್ಟ. ಮೊದಲ ಮಳೆಗೆ ಮಕ್ಕಳೊಡನೆ ಅಂಗಳಕ್ಕೆ ಇಳಿಯುತ್ತಿದ್ದವನು ಕೊಡೆ ಹಿಡಿದು ಬಾಗಿಲಲ್ಲಿ ನಿಂತ. ಊರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಹತ್ತು ಜನ ಒಂದೇ ಕೋಣೆಯಲ್ಲಿ ಮಲಗಬೇಕಾಗುತ್ತದೆಂದು ರಜೆ ಸಿಗಲಿಲ್ಲವೆಂದು ಸುಳ್ಳು ಹೇಳಿದ. ಆ ವರ್ಷ ನನ್ನ ತಾಯಿ, ಅಂದರೆ ಅವನ ಅಜ್ಜಿ, ನಮ್ಮಲ್ಲಿಗೆ ಬಂದಿದ್ದಳು. ಎಂಬತ್ತೆಂಟು ವರ್ಷದ ಮುದುಕಿ. ಹುಡುಗ ಕಾಲಿಗೆ ನಮಸ್ಕಾರ ಮಾಡಿದಾಗ ರೂಢಿಯಂತೆ ತಲೆಯ ಮೇಲೆ ಕೈಯಿಟ್ಟು ಹರಸಲು ಹೋದಳು. ಅವನು ಸಟ್ಟನೆ ತಲೆಯನ್ನು ಹಿಂದಕ್ಕೆ ಎಳೆದುಕೊಂಡ. ಅಜ್ಜಿಯ ಕೈ ಗಾಳಿಯಲ್ಲಿಯೇ ನಿಂತಿತು. “ಯಾಕೊ, ಸಿಟ್ಟೇನೊ?” ಎಂದು ಕೇಳಿದಳು. ಅವನು ಏನೋ ಹೇಳಿ ಮಹಡಿ ಹತ್ತಿಬಿಟ್ಟ. ಅವತ್ತಿನ ಖರ್ಚನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಇಷ್ಟಾದರೂ ಅದು ಅವನ ಸ್ವಂತ ವಿಷಯವೆಂದು ನಾನು ಸುಮ್ಮನಿದ್ದೆ. ಸುಮ್ಮನಿರಲಾಗದ ದಿನ ಒಂದು ಫೋನಿನ ಮೂಲಕ ಬಂತು. ಹುಬ್ಬಳ್ಳಿಯ ಕಡೆಯ ಸಂಬಂಧ. ಫೋಟೋ ಹೋಗಿ ಬಂದು, ಜಾತಕ ನೋಡುವ ಮಾತು ನಡೆದಿತ್ತು. ಹುಡುಗಿಯ ತಂದೆ ನನ್ನೊಡನೆ ಮಾತಾಡಿದರು. “ನಾವು ನಾಗಪುರಕ್ಕ ಬಂದು ಯಾರನ್ನ ಕೇಳೂಣ್ರಿ? ನೀವು ಹಿರೇರು. ನಿಮ್ಮ ಮಾತಿನ ಮ್ಯಾಲೆ ಮುಂದಿನ ಹೆಜ್ಜಿ ಇಡತೀವಿ. ಹುಡುಗಗ ಏನರೆ ಚಟಾ, ರೋಗಾ ರುಜಿನಾ?” “ಏನೂ ಇಲ್ರಿ, ಬಂಗಾರದಂಥಾ ಹುಡುಗ” ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಫೋನು ಇಟ್ಟಾಗ ನನ್ನ ಹೆಂಡತಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: “ಅವರು ಕೇಳಿದ್ದಕ್ಕ ಉತ್ತರಾ ಕೊಟ್ರಿ. ಕೇಳಬೇಕು ಅಂತ ಗೊತ್ತಿಲ್ಲದ್ದನ್ನ ಅವರು ಹ್ಯಾಂಗ ಕೇಳ್ಯಾರು?”

ಆ ರಾತ್ರಿ ಮಾಳಿಗೆಯ ಮೇಲೆ ಅಳಿಯನೊಡನೆ ಮಾತಾಡಿದೆ. ಅವನಲ್ಲಿಯೂ ವಾದವಿತ್ತು. “ಮಾಮಾ, ನೀವು ಹದಿನೈದು ದಿನಕ್ಕೊಮ್ಮೆ ತಲಿಗೆ ಬಣ್ಣಾ ಹಚ್ಚಕೋತೀರಿ. ಅತ್ತಿ ಹಲ್ಲು ಕಟ್ಟಿಸ್ಯಾರ. ಅವ್ವ ಮದಿವ್ಯಾಗ ಚೌರಿ ಹಾಕ್ಕೊಂಡಿದ್ಲು ಅಂತ ಅಜ್ಜೀನ ಹೇಳತಾಳ. ಅವೆಲ್ಲಾ ಅಲಂಕಾರ, ನಂದೊಂದ ಮೋಸಾ?”

ಪ್ರಶ್ನೆ ಸರಿಯಾದದ್ದೇ. ನನ್ನ ತಲೆಯಲ್ಲಿ ಕೂದಲೇನೋ ನನ್ನದು, ಬಣ್ಣ ಅಂಗಡಿಯದು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಅಜ್ಜಂದಿರೆಲ್ಲ ರುಮಾಲು ಸುತ್ತುತ್ತಿದ್ದರು. ಇಲ್ಲಿಯ ಹಳ್ಳಿಗಳಲ್ಲಿ ಇವತ್ತಿಗೂ ಹಿರಿಯರ ತಲೆಯ ಮೇಲೆ ಬಿಳಿಯ ಗಾಂಧಿ ಟೋಪಿ ಇರುತ್ತದೆ. ನಮ್ಮ ಬಡಾವಣೆಗೆ ಹೊಂದಿಕೊಂಡೇ ವಿಶ್ವೇಶ್ವರಯ್ಯನವರ ಹೆಸರಿನ ಇಂಜಿನಿಯರಿಂಗ್ ಸಂಸ್ಥೆಯಿದೆ. ಆ ಮಹನೀಯರನ್ನು ಮೈಸೂರು ಪೇಟವಿಲ್ಲದೆ ನೆನೆಸಿಕೊಳ್ಳುವುದೇ ಕಷ್ಟ. ಪೇಟದ ಕೆಳಗೆ ಯಾರಿಗೆ ಎಷ್ಟು ಕೂದಲಿತ್ತೆಂದು ಆ ಕಾಲದಲ್ಲಿ ಯಾರೂ ಎಣಿಸಲಿಲ್ಲ. ಬಡವನಿಗೂ ಬಲ್ಲಿದನಿಗೂ ಎರಡು ಮೊಳ ಬಟ್ಟೆಯಲ್ಲಿ ಮಾನ ಮುಚ್ಚುತ್ತಿತ್ತು. ತಲೆಯ ಮೇಲಿನ ಬಟ್ಟೆ ಹೋದ ಮೇಲೆ ಕೂದಲೇ ಪೇಟವಾಯಿತು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಬಹಳ ಹೊತ್ತು ಯೋಚಿಸಿದ ಮೇಲೆ ನನಗೆ ತೋಚಿದ್ದು ಇಷ್ಟು. ಯಾವುದನ್ನು ಮುಚ್ಚಿದ್ದೇವೆ ಎನ್ನುವುದಕ್ಕಿಂತ ಯಾರಿಂದ ಮುಚ್ಚಿದ್ದೇವೆ, ಅದನ್ನು ನಂಬಿ ಅವರು ಏನನ್ನು ಪಣಕ್ಕೆ ಇಡುತ್ತಿದ್ದಾರೆ ಎಂದು ನೋಡಬೇಕು. ನನ್ನ ಬಣ್ಣವನ್ನು ಬಟ್ಟಲಿನಲ್ಲಿ ಕಲಸಿಕೊಡುವವಳು ನನ್ನ ಹೆಂಡತಿಯೇ. ತಂಗಿಗೆ ಚೌರಿ ಸೇರಿಸಿ ಹೆಣೆದವಳು ಅವಳ ಅತ್ತೆ. ಅಲ್ಲಿ ತಿಳಿಯಬೇಕಾದವರಿಗೆ ತಿಳಿದಿತ್ತು. ರಜನೀಕಾಂತ್ ತೆರೆಯ ಮೇಲೆ ತುಂಬುಗೂದಲಿನಲ್ಲಿ ಮೆರೆದು, ಸಾರ್ವಜನಿಕವಾಗಿ ಬೋಳುತಲೆಯಲ್ಲಿಯೇ ಓಡಾಡುತ್ತಾರೆ. ಅದನ್ನು ಯಾರೂ ವಂಚನೆ ಎನ್ನುವುದಿಲ್ಲ. ಅಳಿಯನ ಆಫೀಸಿನವರಾಗಲಿ, ಮೆಟ್ರೋದಲ್ಲಿ ಪಕ್ಕದಲ್ಲಿ ಕೂತವರಾಗಲಿ ಅವನ ಕೂದಲನ್ನು ನಂಬಿ ಏನನ್ನೂ ಕಳೆದುಕೊಳ್ಳುವುದಿಲ್ಲ. ಅವರಿಗೆ ಹೇಳುವ ಋಣವೂ ಅವನಿಗಿಲ್ಲ. ಆದರೆ ಹುಬ್ಬಳ್ಳಿಯ ಆ ಹುಡುಗಿ ತನ್ನ ಬಾಳನ್ನೇ ಇಡಲು ಹೊರಟವಳು. ಅವಳಿಗೆ ಇದು ಮುಖ್ಯವೋ ಅಲ್ಲವೋ ಎಂದು ತೀರ್ಮಾನಿಸಬೇಕಾದವಳು ಅವಳು. ನಾವು ಮುಚ್ಚಿಟ್ಟರೆ ಅವಳ ಪರವಾಗಿ ನಾವೇ ತೀರ್ಮಾನ ಮಾಡಿದಂತಾಯಿತು. ಅಲ್ಲದೆ, ಕೂದಲಿಗಾಗಿ ಮನುಷ್ಯನನ್ನು ಬಿಡುವಷ್ಟು ಸಣ್ಣವಳು ಅವಳೆಂದು ಕೇಳದೆಯೇ ಷರಾ ಬರೆದಂತಾಯಿತು.

ಕಾನೂನೂ ಇಂಥ ಕಡೆಗೆ ಕಣ್ಣಿಟ್ಟಿದೆ. ೧೯೫೫ರ ಹಿಂದೂ ವಿವಾಹ ಕಾಯಿದೆಗೆ ೧೯೭೬ರಲ್ಲಿ ತಿದ್ದುಪಡಿ ತಂದು, ಮುಖ್ಯವಾದ ಸಂಗತಿಯನ್ನು ಮರೆಮಾಚಿ ಮೋಸದಿಂದ ಒಪ್ಪಿಗೆ ಪಡೆದರೆ ಆ ಮದುವೆಯನ್ನು ರದ್ದುಪಡಿಸಲು ಕೇಳಬಹುದು ಎಂದು ಸೇರಿಸಿದರು. ಬೋಳುತಲೆ ಅಂಥ ಸಂಗತಿಯೇ ಎಂದು ವಕೀಲರು ವಾದಿಸಿಕೊಳ್ಳಲಿ. ಗಂಡ ಹೆಂಡಿರು ದಿನವೂ ಕನ್ನಡಿ ಹಂಚಿಕೊಳ್ಳುವವರು. ಅಲ್ಲಿ ಕೋರ್ಟು ಬರುವುದಕ್ಕೆ ಮುಂಚೆಯೇ ತೀರ್ಪು ಆಗಿಹೋಗಿರುತ್ತದೆ. ೨೦೧೯ರಲ್ಲಿ ಬಂದ ಹಿಂದಿಯ ‘ಬಾಲಾ’ ಚಿತ್ರದಲ್ಲಿ ಕಾನಪುರದ ಹುಡುಗ ವಿಗ್ ಮುಚ್ಚಿಟ್ಟು ಮದುವೆಯಾಗಿ ಪಡುವ ಪಾಡನ್ನು ಇಲ್ಲಿಯ ಅನೇಕರು ನೋಡಿರಬಹುದು.

ಇದನ್ನೆಲ್ಲ ಹೇಳಿದಾಗ ಅಳಿಯ ಒಂದೇ ಮಾತು ಕೇಳಿದ: “ಮೊದಲ ಹೇಳಿದ್ರ ಯಾರರೆ ಹೂಂ ಅಂತಾರೇನು ಮಾಮಾ?” ನಾನು ಉತ್ತರ ಕೊಡುವ ಮೊದಲೇ ನನಗೆ ಒಂದು ಫೋಟೋ ನೆನಪಾಯಿತು. ಹತ್ತು ವರ್ಷದ ಹಿಂದೆ ನನ್ನ ಮಗಳಿಗೆ ಬಂದಿದ್ದ ವರನದು. ಒಳ್ಳೆಯ ಮನೆತನ, ಬ್ಯಾಂಕಿನ ಕೆಲಸ, ಬೋಳುತಲೆ. ಮಗಳಿಗೆ ತೋರಿಸದೆ ನಾನೇ ಅದನ್ನು ಲಕೋಟೆಗೆ ಹಾಕಿ ತಿರುಗಿ ಕಳಿಸಿ, ಜಾತಕ ಕೂಡುವುದಿಲ್ಲವೆಂದು ಬರೆದಿದ್ದೆ. ೨೦೧೭ರಲ್ಲಿ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ಕನ್ನಡ ಮೇಷ್ಟರ ಬೋಳುತಲೆಯನ್ನು ಕಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕವನೂ ನಾನೇ. ಅಂದಮೇಲೆ ಈ ೬೫,೪೦೦ರಲ್ಲಿ ನನ್ನ ಪಾಲೂ ಇದೆ. ಫೋಟೋ ತಿರುಗಿ ಕಳಿಸಿದ ಎಲ್ಲ ಮಾವಂದಿರು ಸೇರಿ ಹಾಕಿದ ದಂಡವನ್ನು ಆ ಹುಡುಗ ತಿಂಗಳು ತಿಂಗಳು ಕಟ್ಟುತ್ತಿದ್ದ. ಸತ್ಯ ಹೇಳಲು ಜಾಗವಿಲ್ಲದಂತೆ ಮಾಡಿ, ಆಮೇಲೆ ಸತ್ಯ ಹೇಳಲಿಲ್ಲವೆಂದು ಬೈಯುವುದು ನ್ಯಾಯವಲ್ಲ. ಇದನ್ನು ಅವನಿಗೆ ಹೇಳಿಬಿಟ್ಟೆ. ಅವನು ಬಹಳ ಹೊತ್ತು ಸುಮ್ಮನೆ ಕೂತಿದ್ದ. ಮರುದಿನ ತಾನೇ ಹುಡುಗಿಯ ನಂಬರು ತೆಗೆದುಕೊಂಡ.

ಇದು ಕಥೆಯಾಗಿದ್ದರೆ ಹುಡುಗಿ ನಕ್ಕು ಒಪ್ಪಿಕೊಳ್ಳಬೇಕಾಗಿತ್ತು. ಹಾಗಾಗಲಿಲ್ಲ. “ಹೇಳಿದ್ದು ಛೊಲೊ ಆತು” ಎಂದಳಂತೆ. ಮೂರು ವಾರದ ಮೇಲೆ ಅವಳ ತಂದೆಯ ಫೋನು ಬಂತು. ಜಾತಕ ಕೂಡಲಿಲ್ಲ. ನಾನು ಹತ್ತು ವರ್ಷದ ಹಿಂದೆ ಬರೆದಿದ್ದ ಮಾತೇ ನನ್ನ ಬಾಗಿಲಿಗೆ ತಿರುಗಿ ಬಂತು. ತಂಗಿ ನನ್ನೊಡನೆ ಒಂದು ತಿಂಗಳು ಮಾತು ಬಿಟ್ಟಳು. ಸತ್ಯಕ್ಕೂ ಖರ್ಚಿದೆ, ಇಲ್ಲವೆನ್ನುವವನು ಲೆಕ್ಕ ಬರೆದವನಲ್ಲ.

ಆದರೂ ಪುಸ್ತಕದ ಇನ್ನೊಂದು ಬದಿಯನ್ನು ಹೇಳಬೇಕು. ಅಳಿಯ ಈಗಲೂ ಆಫೀಸಿಗೆ ಹೋಗುವಾಗ ಪ್ಯಾಚು ಹಾಕಿಕೊಳ್ಳುತ್ತಾನೆ. ಟೇಪು ಬಿಟ್ಟು ಕ್ಲಿಪ್ಪಿನದನ್ನು ತಂದಿದ್ದಾನೆ; ಅಂಗಡಿಯ ತಿಂಗಳ ಖರ್ಚು ತಪ್ಪಿತು, ಇದು ಹೆಚ್ಚು ದಿನ ಬಾಳಿಕೆಯೂ ಬಂದಿದೆ. ಮನೆಗೆ ಬಂದೊಡನೆ ಅದನ್ನು ತೆಗೆದು ಮೇಜಿನ ಮೇಲೆ ಒಂದು ತಂಬಿಗೆಯನ್ನು ಬೋರಲು ಹಾಕಿ ಅದಕ್ಕೆ ಹೊದಿಸುತ್ತಾನೆ. ಮೊದಮೊದಲು ಅದನ್ನು ಕಂಡು ಬೆಚ್ಚುತ್ತಿದ್ದ ನನ್ನ ಹೆಂಡತಿ ಈಗ ಸುತ್ತಲಿನ ಧೂಳು ಒರೆಸುತ್ತಾಳೆ. ಮೋಟಾರ್ ಸೈಕಲ್ ಮತ್ತೆ ಬೀದಿಗೆ ಬಂದಿದೆ. ದಸರೆಗೆ ಅಜ್ಜಿ ಬಂದಾಗ ಅವನು ಬರಿದಲೆಯಲ್ಲಿ ಬಾಗಿ ನಮಸ್ಕಾರ ಮಾಡಿದ. ಮುದುಕಿ ನೆತ್ತಿಯ ಮೇಲೆ ಕೈಯಾಡಿಸಿ, “ನಿಮ್ಮ ಅಜ್ಜಂದೂ ಹಿಂಗ ಇತ್ತು ನೋಡು” ಎಂದಳು. ಕೈಯನ್ನು ಬೇಗ ತೆಗೆಯಲಿಲ್ಲ.

ನಮ್ಮಂಥ ಪರಊರಿನವರು ಈ ವಿಷಯವನ್ನು ಸ್ವಲ್ಪ ಹೆಚ್ಚಾಗಿಯೇ ಯೋಚಿಸಬೇಕೆಂದು ತೋರುತ್ತದೆ. ಊರಲ್ಲಿದ್ದರೆ ಹುಡುಗನ ಗುಣದೋಷಗಳನ್ನು ಓಣಿಯವರೇ ಹೇಳಿಬಿಡುತ್ತಿದ್ದರು, ಮುಚ್ಚಿಡಲು ಆಗುತ್ತಿರಲಿಲ್ಲ. ಇಲ್ಲಿ ಐನೂರು ಮೈಲಿಯಾಚೆ ನಮ್ಮ ಬಗ್ಗೆ ಸಾಕ್ಷಿ ಹೇಳಲು ನಮ್ಮ ಮಾತಿನ ಹೊರತು ಬೇರೇನೂ ಇಲ್ಲ. ನೌಕರಿ, ಸಂಬಳ, ಸ್ವಂತ ಮನೆ, ಆರೋಗ್ಯ, ಯಾವುದನ್ನು ಬೇಕಾದರೂ ಉಬ್ಬಿಸಿಯೋ ಮುಚ್ಚಿಯೋ ಹೇಳಬಹುದು, ಕೆಲವು ದಿನ ನಡೆಯುತ್ತದೆ. ಆ ಸುಲಭದಿಂದಲೇ ನಮ್ಮ ಮೇಲಿನ ಹೊಣೆ ಹೆಚ್ಚು. ಓದುಗರಲ್ಲಿ ಎಷ್ಟೋ ಜನರಿಗೆ ಊರಿನಿಂದ ಇಂಥ ಫೋನು ಬರುತ್ತಿರುತ್ತದೆ. ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುವ ಮುಂಚೆ ನನ್ನ ಹೆಂಡತಿಯ ಮಾತನ್ನು ಒಮ್ಮೆ ನೆನೆಸಿಕೊಳ್ಳಬೇಕೆಂದು ವಿನಂತಿ. ಹಾಗೆಯೇ, ಬೋಳುತಲೆಯ ಹುಡುಗನ ಫೋಟೋ ಬಂದರೆ ಲಕೋಟೆಗೆ ಹಾಕುವ ಮುಂಚೆ ಮಗಳಿಗೆ ಒಮ್ಮೆ ತೋರಿಸಿ.

ಅಂದಹಾಗೆ, ಅಳಿಯನಿಗೆ ಇನ್ನೂ ಕನ್ಯೆ ನೋಡುತ್ತಿದ್ದೇವೆ. ಈ ಸಲ ಎರಡು ಫೋಟೋ ಕಳಿಸುತ್ತೇವೆ.